ಕೆಟ್ಟ ಪಿಸಿಆರ್ ಯಂತ್ರಕ್ಕೆ ಬೇರು ಪರೀಕ್ಷೆಯ ಕೆಲಸ

ಸ್ಟ್ರಾಬೆರಿ ಬೇರಿನಲ್ಲಿ ಫೈಟಾಫ್ತೊರಾ ಎಂಬ ಬೇರು ಕೊಳೆಸುವ ರೋಗಾಣು ಇದೆಯೋ ಇಲ್ಲವೋ ಎಂದು ತಿಳಿಯಲು, ಬಿಸಿ ಮಾಡಿ ತಣಿಸಿ ಡಿಎನ್ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಯಂತ್ರವೇ ಬೇಕೆಂದಿಲ್ಲ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಕ್ಕಾಲು ಗಂಟೆ ಅಲುಗಾಡದೆ ನಿಲ್ಲುವ ಲೋಹದ ಗಟ್ಟಿಯೊಂದು ಸಾಕು. ಜಪಾನಿನ ನೊಟೊಮಿ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ, ಒಂದೇ ಉಷ್ಣಾಂಶದಲ್ಲಿ ಡಿಎನ್ಎಯ ಪ್ರತಿಗಳನ್ನು ಹುಟ್ಟಿಸುವ ಲ್ಯಾಂಪ್ ವಿಧಾನದ ಅನುಕೂಲವೇ ಅದು. ಇದರಲ್ಲಿ ಡಿಎನ್ಎಯ ಎರಡು ಎಳೆಗಳನ್ನು ಬಿಡಿಸಲು ಪಿಸಿಆರ್‌ನಂತೆ ಪ್ರತಿ ಸುತ್ತಿಗೂ 95 ಡಿಗ್ರಿಗೆ ಏರಿ ಮತ್ತೆ ಇಳಿಯುವ ಗೋಜಿಲ್ಲ. ಬಿಎಸ್‌ಟಿ ಎಂಬ ಕಿಣ್ವ ಹೊಸ ಎಳೆಯನ್ನು ಕಟ್ಟುತ್ತಲೇ ಹಳೆಯದನ್ನು ತಾನೇ ಪಕ್ಕಕ್ಕೆ ತಳ್ಳುತ್ತದೆ. ಹಾಗಾಗಿ ನಮ್ಮಲ್ಲಿ ಕೆಟ್ಟು ಬಿದ್ದಿದ್ದ ಪಿಸಿಆರ್ ಯಂತ್ರದಿಂದ ಏನನ್ನಾದರೂ ಉಳಿಸಿಕೊಳ್ಳಬಹುದೇ ಎಂದು ನೋಡುವುದು ನ್ಯಾಯವಾಗಿತ್ತು.

ಯಂತ್ರದ ದೂರು ಸರಳ: ಬಿಸಿಯೂ ಆಗುವುದಿಲ್ಲ, ತಣ್ಣಗೂ ಆಗುವುದಿಲ್ಲ. ವಿದ್ಯುತ್ ಸಂಪರ್ಕ ತೆಗೆದು, ಒಳಗಿನ ದೊಡ್ಡ ಕೆಪಾಸಿಟರ್‌ಗಳು ಖಾಲಿಯಾಗುವವರೆಗೆ ಕಾದು, ಮೇಲಿನ ಕವಚ ಬಿಚ್ಚಿದೆ. ಕೊಳವೆಗಳನ್ನು ಇಡುವ ಅಲ್ಯೂಮಿನಿಯಂ ಗಟ್ಟಿಯ ಅಡಿಯಲ್ಲಿ, ವಿದ್ಯುತ್ ಹರಿದಾಗ ಒಂದು ಮುಖ ಬಿಸಿಯಾಗಿ ಇನ್ನೊಂದು ತಣ್ಣಗಾಗುವ ಪೆಲ್ಟಿಯರ್ ಬಿಲ್ಲೆಗಳನ್ನು ಸರಣಿಯಲ್ಲಿ ಜೋಡಿಸಿದ್ದರು. ಸರಣಿಯಲ್ಲಿ ಒಂದು ಸತ್ತರೆ ಎಲ್ಲವೂ ಸತ್ತಂತೆ. ಬಿಡಿಬಿಡಿಯಾಗಿ ಮೀಟರ್ ಹಿಡಿದಾಗ ಒಂದು ಬಿಲ್ಲೆ ಪೂರ್ತಿ ಕಡಿದುಹೋಗಿರುವುದು ಗೊತ್ತಾಯಿತು. ಉಳಿದವು ಕೆಲವೇ ಓಂ ತೋರಿಸಿದವು. ಪೆಲ್ಟಿಯರ್ ಅಳೆಯುವಾಗ ಒಂದು ವಿಷಯ ನೆನಪಿರಬೇಕು. ಬಿಲ್ಲೆಯ ಎರಡು ಮುಖಗಳ ನಡುವೆ ಸ್ವಲ್ಪ ಉಷ್ಣಾಂಶ ವ್ಯತ್ಯಾಸವಿದ್ದರೂ ಅದು ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ಮೀಟರಿನ ಓದು ತಪ್ಪುತ್ತದೆ. ಕೈಯಲ್ಲಿ ಹಿಡಿದು ಅಳೆಯದೆ, ಮೇಜಿನ ಮೇಲೆ ಸಮತಾಪಕ್ಕೆ ಬರಲು ಬಿಟ್ಟು, ತಂತಿಗಳನ್ನು ಅದಲುಬದಲು ಮಾಡಿ ಎರಡು ಸಲ ಅಳೆದರೆ ಸರಿಯಾದ ಉತ್ತರ ಸಿಗುತ್ತದೆ.

ಹೊಸ ಬಿಲ್ಲೆ ಹಾಕಿ ಯಂತ್ರವನ್ನೇ ಎಬ್ಬಿಸಬಹುದಿತ್ತು. ಆದರೆ ಸಾವಿರಾರು ಸಲ ಬಿಸಿಯಾಗಿ ತಣಿದ ಹಳೆಯ ಬಿಲ್ಲೆಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಗಟ್ಟಿಯ ಒಂದು ಮೂಲೆ ಬೇರೆಯೇ ವೇಗದಲ್ಲಿ ಬಿಸಿಯಾಗುತ್ತದೆ. ಉಳಿದವುಗಳ ಬೆಸುಗೆಯೂ ಅದೇ ದಾರಿ ಹಿಡಿದಿರುತ್ತದೆ. ಲ್ಯಾಂಪ್‌ಗೆ ತಣ್ಣಗಾಗಿಸುವ ಅಗತ್ಯವೇ ಇಲ್ಲದಿರುವಾಗ ಈ ತಲೆನೋವು ಯಾಕೆ? ಬಿಲ್ಲೆಗಳನ್ನು ತೆಗೆದೆ, ಗಟ್ಟಿಯನ್ನು ಇಟ್ಟುಕೊಂಡೆ. ನಿಜವಾಗಿ ಬೆಲೆಬಾಳುವುದು ಈ ಗಟ್ಟಿಯೇ. 0.2 ಮಿಲಿಲೀಟರ್ ಕೊಳವೆಯ ಕೆಳಭಾಗ ಕೋನಾಕಾರದ್ದು. ಡ್ರಿಲ್ಲಿನಿಂದ ಕೊರೆದ ನೇರ ರಂಧ್ರದಲ್ಲಿ ಅದರ ಸುತ್ತ ಗಾಳಿ ಉಳಿಯುತ್ತದೆ. ಕಾರ್ಖಾನೆಯಲ್ಲಿ ಕೊಳವೆಯ ಆಕಾರಕ್ಕೇ ಕಡೆದ ಗುಳಿಗಳನ್ನು ಕೈಯಿಂದ ಮಾಡುವುದು ನನ್ನಿಂದಾಗುವ ಕೆಲಸವಲ್ಲ.

ಬಿಸಿ ಮಾಡಲು ಅಲ್ಯೂಮಿನಿಯಂ ಕವಚದ 8.2 ಓಂ ರೆಸಿಸ್ಟರ್‌ಗಳನ್ನು ನಾಲ್ಕು ಮೂಲೆಗಳಲ್ಲಿ, ಸಮಾಂತರವಾಗಿ ಜೋಡಿಸಿದೆ. 12 ವೋಲ್ಟಿಗೆ ಒಂದೊಂದೂ ಸುಮಾರು 17.5 ವ್ಯಾಟ್, ಒಟ್ಟು 70 ವ್ಯಾಟ್. ನಡುವೆ ಹಾಕದೆ ಮೂಲೆಗೆ ಹಾಕಿದ್ದು ಬೇಕೆಂದೇ. ಗಟ್ಟಿ ಶಾಖ ಕಳೆದುಕೊಳ್ಳುವುದು ಅಂಚುಗಳಿಂದ, ಆದ್ದರಿಂದ ಅಲ್ಲೇ ಹೆಚ್ಚು ಕೊಡಬೇಕು. ರೆಸಿಸ್ಟರ್ ಮತ್ತು ಗಟ್ಟಿಯ ನಡುವೆ 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, ಎರಡೂ ಬದಿಗೆ ಉಷ್ಣವಾಹಕ ಪೇಸ್ಟ್. ಗಟ್ಟಿ ಮತ್ತು ತಗಡಿನ ತೂಕ ಸೇರಿ 600 ಗ್ರಾಂ ಸುತ್ತಮುತ್ತ. ಅಲ್ಯೂಮಿನಿಯಂ ಪ್ರತಿ ಗ್ರಾಂಗೆ ಪ್ರತಿ ಡಿಗ್ರಿಗೆ 0.9 ಜೂಲ್ ಕೇಳುತ್ತದೆ. 25ರಿಂದ 63 ಡಿಗ್ರಿಗೆ ಏರಲು ಸುಮಾರು 20,500 ಜೂಲ್, ಎಂದರೆ ಲೆಕ್ಕದಲ್ಲಿ ಐದು ನಿಮಿಷ. ಸೋರಿಕೆ ಸೇರಿ ಅದಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ನಿಯಂತ್ರಣಕ್ಕೆ ಸಣ್ಣ ಮೈಕ್ರೊಕಂಟ್ರೋಲರ್, ಹೀಟರಿಗೆ ಸ್ವಿಚ್ಚಿನಂತೆ ಒಂದು ಮಾಸ್‌ಫೆಟ್, ಗಟ್ಟಿಯ ಪಕ್ಕದ ರಂಧ್ರದಲ್ಲಿ ಉಷ್ಣಾಂಶ ಅಳೆಯಲು, ಬಿಸಿಯಾದಂತೆ ರೋಧ ಇಳಿಯುವ 10 ಕಿಲೋಓಂ ಥರ್ಮಿಸ್ಟರ್. ಮಾಸ್‌ಫೆಟ್‌ನ ಗೇಟಿನಿಂದ ಗ್ರೌಂಡಿಗೆ 10 ಕಿಲೋಓಂ ರೆಸಿಸ್ಟರ್ ಕಟ್ಟುವುದನ್ನು ಬಿಡಬಾರದು. ಇಲ್ಲವಾದರೆ ಕಂಟ್ರೋಲರ್ ಎಚ್ಚರಗೊಳ್ಳುವ ಆ ಕ್ಷಣದಲ್ಲಿ ಹೀಟರ್ ತನ್ನಿಷ್ಟದಂತೆ ನಡೆಯುತ್ತದೆ. ಹೀಟರ್ ಸಾಲಿನಲ್ಲಿ ಒಂದು ಉಷ್ಣ ಫ್ಯೂಸ್ ಕೂಡ ಇದೆ. ಥರ್ಮಿಸ್ಟರ್ ಜೊತೆಗೆ ಎಲ್ಲರೂ ರೂಢಿಯಿಂದ ಹಾಕುವ 10 ಕಿಲೋಓಂ ರೆಸಿಸ್ಟರ್ ಇಲ್ಲಿ ಒಳ್ಳೆಯ ಆಯ್ಕೆಯಲ್ಲ. ಬೀಟಾ ಮೌಲ್ಯ 3950 ಇರುವ ಥರ್ಮಿಸ್ಟರ್ 63 ಡಿಗ್ರಿಯಲ್ಲಿ ಸುಮಾರು 2,240 ಓಂಗೆ ಇಳಿದಿರುತ್ತದೆ. ಜೊತೆಗಿರುವ ರೆಸಿಸ್ಟರ್ ಕೂಡ ಅಷ್ಟೇ ಇದ್ದಾಗ ವೋಲ್ಟೇಜ್ ಅತಿ ಹೆಚ್ಚು ಬದಲಾಗುತ್ತದೆ. 2.2 ಕಿಲೋಓಂ ಹಾಕಿದಾಗ 10 ಬಿಟ್ ಓದಿನಲ್ಲಿ ಒಂದು ಡಿಗ್ರಿಗೆ ಸುಮಾರು 9 ಹಂತ ಸಿಗುತ್ತದೆ. 10 ಕಿಲೋಓಂ ಇದ್ದರೆ 5 ಮಾತ್ರ. ಗುರಿಯಿಂದ ಎಷ್ಟು ದೂರವಿದೆ ಎಂದು ನೋಡಿ ಶಾಖ ಹೊಂದಿಸುವ ಪಿಐಡಿ ಲೆಕ್ಕದಲ್ಲಿ ಸಂಚಯ ಭಾಗವನ್ನು ಗುರಿ ಮೂರು ಡಿಗ್ರಿಯೊಳಗೆ ಬಂದಾಗ ಮಾತ್ರ ಚಾಲೂ ಮಾಡುವಂತೆ ಬರೆದೆ, ಗುರಿ ದಾಟಿ ಹೋಗುವುದು ನಿಂತಿತು.

ಗಟ್ಟಿಯ ಉಷ್ಣಾಂಶಕ್ಕಿಂತ ಕೊಳವೆಯೊಳಗಿನ ಉಷ್ಣಾಂಶ ಮುಖ್ಯ. 25 ಮೈಕ್ರೊಲೀಟರ್ ನೀರು, ಮೇಲೆ ಮಿನರಲ್ ಆಯಿಲ್, ಅದರಲ್ಲಿ ತೆಳು ಥರ್ಮೊಕಪಲ್ ಇಳಿಸಿ ಗುಳಿಯಿಂದ ಗುಳಿಗೆ ಅಳೆದೆ. ಸುತ್ತ ಫೋಮ್ ಹೊದಿಸುವ ಮೊದಲು ಅಂಚಿನ ಗುಳಿಗಳು ನಡುವಿನವಕ್ಕಿಂತ ಒಂದು ಡಿಗ್ರಿ ಹಿಂದಿದ್ದವು. ಹೊದಿಸಿದ ಮೇಲೆ ವ್ಯತ್ಯಾಸ ಅರ್ಧ ಡಿಗ್ರಿಯೊಳಗೆ ಬಂತು. ಲ್ಯಾಂಪ್ 60ರಿಂದ 65 ಡಿಗ್ರಿಯವರೆಗೂ ಒಪ್ಪಿಕೊಳ್ಳುವ ವಿಧಾನವಾದ್ದರಿಂದ ಇನ್ನೂ ಮುಂದೆ ಹೋಗುವ ಹಟ ನನಗಿರಲಿಲ್ಲ.

ಹಳೆಯ ಮುಚ್ಚಳದ ಹೀಟರನ್ನು ಬಿಟ್ಟುಬಿಟ್ಟೆ. ಪಿಸಿಆರ್‌ನಲ್ಲಿ ಅದು ಬೇಕು, ಇಲ್ಲವಾದರೆ ದ್ರವ ಆವಿಯಾಗಿ ಮುಚ್ಚಳಕ್ಕೆ ಅಂಟುತ್ತದೆ. ಇಲ್ಲಿ ಮೇಲಿನಿಂದ ಬಣ್ಣ ನೋಡಬೇಕಾಗಿತ್ತು. ಮಿನರಲ್ ಆಯಿಲ್ ಪದರ ಆವಿಯನ್ನು ತಡೆಯುತ್ತದೆ, ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ ಮೊಬೈಲ್ ಕ್ಯಾಮೆರಾ ನಿಲ್ಲುತ್ತದೆ.

ಇಲ್ಲಿಯವರೆಗಿನದು ಸುಲಭದ ಭಾಗ. ಶುದ್ಧ ಡಿಎನ್ಎ ಹಾಕಿದರೆ ಪೆಟ್ಟಿಗೆ ಮೊದಲ ದಿನವೇ ಸರಿಯಾಗಿ ಕೆಲಸ ಮಾಡಿತು. ಬೇರು ಹಾಕಿದಾಗ ಕಥೆ ಬೇರೆಯಾಯಿತು.

ಯಾವ ಬೇರು?

ಸ್ಟ್ರಾಬೆರಿಯ ಕೆಂಪು ತಿರುಳು ರೋಗಕ್ಕೆ ಫೈಟಾಫ್ತೊರಾ ಫ್ರಗೇರಿಯೇ ಕಾರಣ. ತಂಪು, ತೇವದ ಮಣ್ಣಿನಲ್ಲಿ ಅದರ ಈಜುವ ಬೀಜಾಣುಗಳು ಎಳೆ ಬೇರಿನ ತುದಿಯನ್ನು ಹಿಡಿಯುತ್ತವೆ. ಬೇರನ್ನು ಉದ್ದಕ್ಕೆ ಸೀಳಿದರೆ ಹೊರಗಿನ ಭಾಗ ಇನ್ನೂ ಬಿಳಿ, ನಡುವಿನ ನಾಳಭಾಗ ಮಾತ್ರ ಕೆಂಪು. ಪಕ್ಕದ ಸಣ್ಣ ಬೇರುಗಳು ಉದುರಿಹೋಗಿ ಇಲಿಯ ಬಾಲ ಎಂದು ಕರೆಯುವ ಬೋಳು ಬೇರು ಉಳಿಯುತ್ತದೆ. ಹವೆ ಬಿಸಿಯಾದ ಮೇಲೆ ಆ ಬೇರುಗಳೇ ಕೊಳೆತು ಹೋಗುವುದರಿಂದ ಕೆಂಪು ಸುಲಭವಾಗಿ ಸಿಗುವುದಿಲ್ಲ. ಕಣ್ಣಿಗೆ ಕಾಣದ ಆ ಕಾಲದಲ್ಲೇ ಅಣುಮಟ್ಟದ ಪರೀಕ್ಷೆ ಹೆಚ್ಚು ಬೇಕಾಗುತ್ತದೆ.

ಬಾಡಿದ ಗಿಡದ ಅತ್ಯಂತ ಕೊಳೆತ, ಕಪ್ಪಾದ ಬೇರನ್ನೇ ಆರಿಸಿ ತರುವುದು ಎಲ್ಲರ ಸಹಜ ಪ್ರವೃತ್ತಿ. ಅದು ಕೆಲಸಕ್ಕೆ ಬಾರದು. ಪೂರ್ತಿ ಕಪ್ಪಾದ ಕಡೆ ಮೂಲ ರೋಗಾಣು ಸೋತು, ಆಮೇಲೆ ಬಂದ ಪಿಥಿಯಂ, ಫ್ಯುಸೇರಿಯಂ ಮತ್ತು ಬ್ಯಾಕ್ಟೀರಿಯಾಗಳು ಆಕ್ರಮಿಸಿಕೊಂಡಿರುತ್ತವೆ. ರೋಗದ ಅಂಚು, ಅಂದರೆ ಆರೋಗ್ಯದ ಬಿಳಿ ಮತ್ತು ಕೆಟ್ಟ ಬಣ್ಣ ಸೇರುವ ಸೆಂಟಿಮೀಟರ್ ಉದ್ದದ ಭಾಗ ಬೇಕು. ತಟ್ಟೆಯಲ್ಲಿ ಬೆಳೆಸಿ ಗುರುತಿಸುವ ಹಳೆಯ ವಿಧಾನಕ್ಕೂ ಇದೇ ತೊಡಕು: ಫ್ರಗೇರಿಯೇ ಬಹಳ ನಿಧಾನವಾಗಿ ಬೆಳೆಯುತ್ತದೆ, ಪಿಥಿಯಂ ಅಷ್ಟರಲ್ಲಿ ಇಡೀ ತಟ್ಟೆ ಹಬ್ಬಿರುತ್ತದೆ. ಒಂದೇ ಗಿಡದ ಬೇರಿನಲ್ಲೂ ರೋಗಾಣು ಸಮನಾಗಿ ಹರಡಿರುವುದಿಲ್ಲ. ಆದ್ದರಿಂದ ಗಿಡದ ಹಲವು ಬದಿಗಳಿಂದ ಅಂಚಿನ ತುಣುಕುಗಳನ್ನು ತೆಗೆದು, ಮಣ್ಣು ಪೂರ್ತಿ ಹೋಗುವಂತೆ ತೊಳೆದು, ಒಟ್ಟಿಗೆ ಅರೆಯುತ್ತೇನೆ. ಮಣ್ಣಿನ ಹ್ಯೂಮಿಕ್ ಆಮ್ಲ ಕಿಣ್ವಕ್ಕೆ ಶತ್ರು, ತೊಳೆಯುವುದರಲ್ಲಿ ಜಿಪುಣತನ ಸಲ್ಲದು.

ಬೇರಿನ ರಸದ ಜೊತೆ ಜಗಳ

ಮೊದಲು ನೋಡಿದ್ದು ಅತಿ ಸರಳ ವಿಧಾನವನ್ನು: 0.5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಬೇರು ಅರೆದು, ಆ ರಸದ 5 ಮೈಕ್ರೊಲೀಟರನ್ನು ಆಮ್ಲ-ಕ್ಷಾರದ ಮಟ್ಟವನ್ನು ಸ್ಥಿರವಾಗಿಡುವ ಟ್ರಿಸ್ ಬಫರ್‌ನ 495 ಮೈಕ್ರೊಲೀಟರ್‌ಗೆ ಹಾಕುವುದು. ಎಲೆಗಳಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಸ್ಟ್ರಾಬೆರಿ ಬೇರು ಮಾತ್ರ ಕ್ಷಾರ ತಗುಲಿದ ಕೂಡಲೇ ಕಡು ಚಹಾದ ಬಣ್ಣಕ್ಕೆ ತಿರುಗಿತು. ಬೆರಿ ಗಿಡಗಳ ಬೇರಿನಲ್ಲಿ ಟ್ಯಾನಿನ್ ಮತ್ತು ಇತರ ಪಾಲಿಫಿನಾಲ್‌ಗಳು ತುಂಬಿವೆ. ಕ್ಷಾರದಲ್ಲಿ ಅವು ಬೇಗ ಆಕ್ಸಿಡೀಕರಣಗೊಂಡು ಡಿಎನ್ಎಗೂ ಕಿಣ್ವಕ್ಕೂ ಅಂಟಿಕೊಳ್ಳುತ್ತವೆ. ಪಾಲಿವಿನೈಲ್ ಪೈರೊಲಿಡೋನ್ ಅವುಗಳನ್ನು ಹಿಡಿದಿಡುತ್ತದೆ ಎಂದು ಎಲ್ಲ ಕೈಪಿಡಿಗಳೂ ಹೇಳುತ್ತವೆ. ಆದರೆ ಅದು ಹಿಡಿಯುವುದು ಹೈಡ್ರೋಜನ್ ಬಂಧದಿಂದ. ತೀಕ್ಷ್ಣ ಕ್ಷಾರದಲ್ಲಿ ಫಿನಾಲ್‌ಗಳು ತಮ್ಮ ಹೈಡ್ರೋಜನ್ ಕಳೆದುಕೊಂಡಿರುವಾಗ ಆ ಹಿಡಿತ ಸಡಿಲ.

ಎರಡನೆಯ ತೊಡಕು ಬಣ್ಣದ್ದು. ಲ್ಯಾಂಪ್‌ನಲ್ಲಿ ಫಿನಾಲ್ ರೆಡ್ ಎಂಬ ಬಣ್ಣ ಹಾಕಿದರೆ ಗುಲಾಬಿಯಿಂದ ಹಳದಿಗೆ ತಿರುಗುವುದು ಕಣ್ಣಿಗೆ ಸ್ಪಷ್ಟ. ಡಿಎನ್ಎ ಕಟ್ಟುವಾಗ ಹೊರಬೀಳುವ ಆಮ್ಲೀಯತೆಯನ್ನು ಅದು ತೋರಿಸುತ್ತದೆ. ಆದರೆ ಅದಕ್ಕಾಗಿ ಬಫರನ್ನು ಬಹಳ ದುರ್ಬಲವಾಗಿ ಇಟ್ಟಿರುತ್ತಾರೆ. ನೀರಿನಲ್ಲಿ ಅರೆದ ಬೇರಿನ ಹುಳಿ ರಸ ಸೇರಿದ ತಕ್ಷಣ, ಬಿಸಿ ಮಾಡುವ ಮೊದಲೇ, ಕೊಳವೆ ಹಳದಿ; ಟ್ರಿಸ್ ಸೇರಿದ ರಸ ಹಾಕಿದರೆ ರೋಗವಿದ್ದರೂ ಗುಲಾಬಿ ಕದಲುವುದಿಲ್ಲ. ಎರಡೂ ಉತ್ತರ ಸುಳ್ಳು. ಹಾಗಾಗಿ ಹೈಡ್ರಾಕ್ಸಿನ್ಯಾಫ್ತಾಲ್ ಬ್ಲೂ ಹಿಡಿದೆ, 120 ಮೈಕ್ರೊಮೋಲಾರ್ ಪ್ರಮಾಣದಲ್ಲಿ. ಇದು ನೋಡುವುದು ಮೆಗ್ನೀಸಿಯಂ. ಡಿಎನ್ಎ ಕಟ್ಟುವಾಗ ಬಿಡುಗಡೆಯಾಗುವ ಪೈರೊಫಾಸ್ಫೇಟ್ ಮೆಗ್ನೀಸಿಯಂ ಅನ್ನು ಕಟ್ಟಿಹಾಕಿದಂತೆ ನೇರಳೆಯಿಂದ ಆಕಾಶನೀಲಿಗೆ ತಿರುಗುತ್ತದೆ. ಇದಕ್ಕೂ ಒಂದು ಚಾಳಿಯಿದೆ: ರಸದಲ್ಲಿ ಲೋಹದ ಅಯಾನುಗಳನ್ನು ಹಿಡಿಯುವ ಇಡಿಟಿಎ ಎಂಬ ರಾಸಾಯನಿಕ ಹೆಚ್ಚಿದ್ದರೆ ಅದೂ ಮೆಗ್ನೀಸಿಯಂ ಕಸಿದುಕೊಂಡು ಬಣ್ಣವನ್ನು ನೀಲಿಯತ್ತ ಎಳೆಯುತ್ತದೆ.

ಕೊನೆಗೆ ನಿಂತಿದ್ದು ಸಿಟಿಎಬಿ ಎಂಬ ಮಾರ್ಜಕದಿಂದ ಡಿಎನ್ಎ ಬೇರ್ಪಡಿಸುವ ಹಳೆಯ ವಿಧಾನ. 2 ಶೇಕಡ ಸಿಟಿಎಬಿ, 1.4 ಮೋಲಾರ್ ಉಪ್ಪು, 20 ಮಿಲಿಮೋಲಾರ್ ಇಡಿಟಿಎ, 100 ಮಿಲಿಮೋಲಾರ್ ಟ್ರಿಸ್ ಪಿಎಚ್ 8, ಜೊತೆಗೆ 2 ಶೇಕಡ ಪಾಲಿವಿನೈಲ್ ಪೈರೊಲಿಡೋನ್. ಹೆಚ್ಚು ಉಪ್ಪು ಇರುವುದರಿಂದ ಲೋಳೆಯಂಥ ಪಾಲಿಸ್ಯಾಕರೈಡ್‌ಗಳು ಡಿಎನ್ಎ ಜೊತೆ ಬರುವುದು ಕಡಿಮೆಯಾಗುತ್ತದೆ. ಇದಕ್ಕೆ 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಬೇಕು. ಅದನ್ನೂ ಇದೇ ಪೆಟ್ಟಿಗೆ ಮಾಡುತ್ತದೆ. ನಂತರ ಹೊಗೆ ಹೀರುವ ಕಪಾಟಿನಲ್ಲಿ ಕ್ಲೋರೊಫಾರ್ಮ್ ಮತ್ತು ಐಸೊಅಮೈಲ್ ಆಲ್ಕೊಹಾಲ್ 24:1, ಐಸೊಪ್ರೊಪನಾಲ್, 70 ಶೇಕಡ ಎಥನಾಲ್ ತೊಳೆತ. ಕೊನೆಯಲ್ಲಿ ಡಿಎನ್ಎಯನ್ನು ಇಡಿಟಿಎ ಇಲ್ಲದ ಟ್ರಿಸ್‌ನಲ್ಲಿ ಕರಗಿಸುತ್ತೇನೆ. ಹೊಲದ ಅಂಚಿನಲ್ಲಿ ನಿಂತು ಮಾಡುವ ಪರೀಕ್ಷೆಯ ಕನಸು ಇಲ್ಲಿಗೆ ಮುಗಿಯಿತೆನ್ನಬಹುದು. ನನಗೆ ಅದರ ಬೇಸರವಿಲ್ಲ, ನಂಬಬಹುದಾದ ಉತ್ತರ ಬೇಕಿತ್ತು.

ಸುಮ್ಮನಿದ್ದ ಕೊಳವೆ

ರೋಗ ಖಚಿತವಾಗಿದ್ದ ಬೇರೊಂದರ ಡಿಎನ್ಎ ಮುಕ್ಕಾಲು ಗಂಟೆಯಾದರೂ ನೇರಳೆಯಾಗಿಯೇ ಕೂತಿತು. ಅದೇ ಡಿಎನ್ಎಯನ್ನು ಹತ್ತು ಪಟ್ಟು ನೀರಿನಲ್ಲಿ ತೆಳುವಾಗಿಸಿ ಹಾಕಿದರೆ ನೀಲಿಯಾಯಿತು! ಗುರಿ ಡಿಎನ್ಎ ಹತ್ತನೇ ಒಂದು ಭಾಗಕ್ಕೆ ಇಳಿದಿದೆ, ಉತ್ತರ ತಡವಾಗಬೇಕು. ಬದಲಿಗೆ ಬೇಗ ಬಂತು. ಅಡ್ಡಿ ಮಾಡುವ ವಸ್ತು ಕೂಡ ಹತ್ತನೇ ಒಂದು ಭಾಗಕ್ಕೆ ಇಳಿದದ್ದೇ ಕಾರಣ. ಇನ್ನೊಂದು ಸಾಕ್ಷಿಯನ್ನೂ ತೆಗೆದುಕೊಂಡೆ: ಗೊತ್ತಿರುವ ಪ್ರಮಾಣದ ರೋಗಾಣು ಡಿಎನ್ಎಯನ್ನು ಒಂದು ಕೊಳವೆಯಲ್ಲಿ ಬರೀ ನೀರಿಗೆ, ಇನ್ನೊಂದರಲ್ಲಿ ಆರೋಗ್ಯವಂತ ಬೇರಿನ ಸಾರಕ್ಕೆ ಹಾಕಿದೆ. ಬೇರಿನ ಸಾರದ್ದು ಬಹಳ ಹಿಂದೆ ಬಿತ್ತು.

ಈ ಪೆಟ್ಟಿಗೆಯಿಂದ ನಾನು ಹೇಳಬೇಕೆಂದಿರುವುದು ಇದೊಂದೇ. ರೋಗಾಣುವಿನ ಕೊಳವೆ ಬಣ್ಣ ಬದಲಿಸಲಿಲ್ಲ ಎಂಬುದರಿಂದ ಬೇರು ಆರೋಗ್ಯವಾಗಿದೆ ಎಂದು ತಿಳಿಯುವುದಿಲ್ಲ. ಅದೇ ಸಾರದಲ್ಲಿ ಗಿಡದ ಸ್ವಂತ ಜೀನ್ ಬಣ್ಣ ಬದಲಿಸಿರಬೇಕು. ಈಗ ಪ್ರತಿ ಮಾದರಿಗೂ ಜೋಡಿ ಕೊಳವೆ: ಒಂದರಲ್ಲಿ ಫೈಟಾಫ್ತೊರಾ ಪ್ರೈಮರ್ (ಗುರಿ ಡಿಎನ್ಎಗೆ ಅಂಟಿ ಪ್ರತಿ ಮಾಡುವುದನ್ನು ಶುರು ಮಾಡಿಸುವ ಚಿಕ್ಕ ಡಿಎನ್ಎ ತುಣುಕು), ಇನ್ನೊಂದರಲ್ಲಿ ಗಿಡದ ಮೈಟೊಕಾಂಡ್ರಿಯಾದ ಕಾಕ್ಸ್ ಜೀನಿನ ಪ್ರೈಮರ್. ಎರಡೂ ಸುಮ್ಮನಿದ್ದರೆ ಪರೀಕ್ಷೆ ವಿಫಲವೆಂದು ಬರೆಯುತ್ತೇನೆ, ಸಾರವನ್ನು ತೆಳುವಾಗಿಸಿ ಮತ್ತೆ ಮಾಡುತ್ತೇನೆ. ಗಿಡದ ಜೀನಿನ ಪ್ರತಿಗಳು ರೋಗಾಣುವಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ಅಲ್ಪ ಅಡ್ಡಿಯನ್ನು ಈ ಜೋಡಿ ಕೊಳವೆ ಹಿಡಿಯದೆ ಹೋಗಬಹುದು. ಅನುಮಾನವಿದ್ದಲ್ಲಿ ರೋಗಾಣು ಡಿಎನ್ಎ ಬೆರೆಸಿ ನೋಡುವ ಮೇಲಿನ ಪರೀಕ್ಷೆಯೂ ಬೇಕು.

ಇದರ ಜೊತೆಗೆ ಖಾಲಿ ನೀರಿನ ಕೊಳವೆ, ಬೇರಿಲ್ಲದೆ ಮೊದಲಿನಿಂದ ಕೊನೆಯವರೆಗೆ ನಡೆಸಿದ ಸಾರ, ಆರೋಗ್ಯವಂತ ಬೇರು, ಗೊತ್ತಿರುವ ರೋಗಾಣು ಡಿಎನ್ಎ, ಇವು ಪ್ರತಿ ಓಟದಲ್ಲೂ ಇರುತ್ತವೆ. ಗುಳಿಗಳು ಇವಕ್ಕೇ ಹೋಗುತ್ತವೆ ಎಂದು ಗೊಣಗುವವರಿದ್ದಾರೆ, ಗೊಣಗಲಿ.

ಪ್ರೈಮರ್‌ಗಳ ಬಗ್ಗೆ ಸ್ವಲ್ಪ. ಲ್ಯಾಂಪ್‌ನ ನಾಲ್ಕು ಪ್ರೈಮರ್‌ಗಳು ಗುರಿಯ ಆರು ಜಾಗಗಳನ್ನು ಗುರುತಿಸುತ್ತವೆ, ಲೂಪ್ ಪ್ರೈಮರ್ ಎರಡು ಸೇರಿದರೆ ಎಂಟು. ಒಳ ಪ್ರೈಮರ್ 1.6 ಮೈಕ್ರೊಮೋಲಾರ್, ಹೊರ ಪ್ರೈಮರ್ 0.2. ಗುರಿ ಯಾವುದು ಎಂಬುದರಲ್ಲಿ ಇರುವುದು ಜಾಣ್ಮೆ. ರೈಬೊಸೋಮ್‌ನ ಜೀನ್‌ಗಳ ನಡುವಿನ ಐಟಿಎಸ್ ಎಂಬ ಡಿಎನ್ಎ ಭಾಗದ ಪ್ರತಿಗಳು ಜೀವಕೋಶದಲ್ಲಿ ಬಹಳ ಇರುವುದರಿಂದ ಅಲ್ಪ ಸೋಂಕನ್ನೂ ಅದು ಹಿಡಿಯುತ್ತದೆ. ಆದರೆ ಸ್ಟ್ರಾಬೆರಿಯ ಫ್ರಗೇರಿಯೇ ಮತ್ತು ರಾಸ್ಪ್‌ಬೆರಿ ಬೇರು ಕೊಳೆಸುವ ಫೈಟಾಫ್ತೊರಾ ರುಬಿ ಈ ಭಾಗದಲ್ಲಿ ಹೆಚ್ಚುಕಡಿಮೆ ಒಂದೇ. 2007ರವರೆಗೆ ರುಬಿಯನ್ನು ಫ್ರಗೇರಿಯೇಯ ಒಂದು ಪ್ರಭೇದವೆಂದೇ ಎಣಿಸುತ್ತಿದ್ದರು. ಬೇರ್ಪಡಿಸಬೇಕೆಂದರೆ ಮೈಟೊಕಾಂಡ್ರಿಯಾದ ಜೀನ್‌ಗಳ ಕಡೆ ಹೋಗಬೇಕು. ನನ್ನ ಪೆಟ್ಟಿಗೆಗೆ ಸದ್ಯ ಕುಲಮಟ್ಟದ ಉತ್ತರ ಸಾಕು. ಆದರೆ ಸೊರಗಿದ ಸ್ಟ್ರಾಬೆರಿಯಲ್ಲಿ ಫೈಟಾಫ್ತೊರಾ ಸಿಗಲಿಲ್ಲವೆಂದರೆ ಮ್ಯಾಕ್ರೊಫೋಮಿನಾ ಫ್ಯಾಸಿಯೋಲಿನಾ, ವರ್ಟಿಸಿಲಿಯಂ, ಫ್ಯುಸೇರಿಯಂ ಯಾವುದೂ ಇರಬಹುದು. ಬ್ಲೂಬೆರಿಯಲ್ಲಿ ನೋಡಬೇಕಾದದ್ದು ಬೆಚ್ಚಗಿನ ಮಣ್ಣನ್ನು ಇಷ್ಟಪಡುವ ಫೈಟಾಫ್ತೊರಾ ಸಿನಮೋಮಿ.

ಸಮಯಕ್ಕೆ ಮಿತಿ ಹಾಕುವುದು ಕಡ್ಡಾಯ. ಅಷ್ಟು ಪ್ರೈಮರ್‌ಗಳು ಒಂದೇ ಕೊಳವೆಯಲ್ಲಿದ್ದರೆ ಗುರಿ ಇಲ್ಲದಿದ್ದರೂ ತಮ್ಮತಮ್ಮಲ್ಲೇ ಬೆಸೆದುಕೊಂಡು ಕೊನೆಗೊಮ್ಮೆ ಬಣ್ಣ ತಿರುಗಿಸುತ್ತವೆ. ನನ್ನ ಖಾಲಿ ಕೊಳವೆಗಳು ಒಂದು ಗಂಟೆ ದಾಟಿದ ಮೇಲೆ ಆಗೀಗ ನೀಲಿಯಾಗಿವೆ. ಅದಕ್ಕೇ 45 ನಿಮಿಷಕ್ಕೆ ಕಂಟ್ರೋಲರ್ ಹೀಟರನ್ನು ನಿಲ್ಲಿಸುತ್ತದೆ, ನಂತರ ಬಂದ ಬಣ್ಣಕ್ಕೆ ಲೆಕ್ಕವಿಲ್ಲ.

ಮುಗಿದ ಕೊಳವೆಯ ಮುಚ್ಚಳ ತೆಗೆಯಬಾರದು. ಲ್ಯಾಂಪ್ ಹುಟ್ಟಿಸುವ ಡಿಎನ್ಎಯ ರಾಶಿ ಪಿಸಿಆರ್‌ಗಿಂತ ಎಷ್ಟೋ ಹೆಚ್ಚು. ಒಂದು ತೆರೆದ ಕೊಳವೆಯ ತುಂತುರು ಮೇಜನ್ನು, ಪಿಪೆಟನ್ನು, ಮುಂದಿನ ಎಲ್ಲ ಓಟಗಳನ್ನೂ ಹಾಳುಮಾಡುತ್ತದೆ. ಮುಗಿದವನ್ನು ಎರಡು ಚೀಲಗಳಲ್ಲಿ ಬಿಗಿದು ಎಸೆಯುತ್ತೇನೆ, ಒತ್ತಡದ ಆವಿಯಲ್ಲಿ ಬೇಯಿಸುವ ಆಟೊಕ್ಲೇವ್‌ಗೆ ಹಾಕುವುದಿಲ್ಲ, ಅಲ್ಲಿ ಕೊಳವೆ ಬಾಯಿ ಬಿಡುತ್ತದೆ. ಮಿಶ್ರಣ ತಯಾರಿಸುವ ಕೋಣೆಗೆ ಈ ಪೆಟ್ಟಿಗೆಗೆ ಪ್ರವೇಶವಿಲ್ಲ.

ಬಣ್ಣ ಓದುವುದನ್ನು ಕಣ್ಣಿಗೆ ಬಿಟ್ಟರೆ ಇಬ್ಬರು ನೋಡಿ ಎರಡು ಉತ್ತರ ಹೇಳುತ್ತಾರೆ. ನೇರಳೆಗೂ ಆಕಾಶನೀಲಿಗೂ ನಡುವಿನ ಅಂತರ ಅಷ್ಟು ಸಣ್ಣದು. ಮೊಬೈಲಿನಲ್ಲಿ ಬಿಳಿ ಸಮತೋಲನ ಮತ್ತು ಬೆಳಕಿನ ಮಟ್ಟವನ್ನು ಸ್ಥಿರಗೊಳಿಸಿ, ಚೌಕಟ್ಟಿನ ಮೂಲೆಯಲ್ಲಿ ಬೂದು ಕಾಗದದ ತುಂಡಿಟ್ಟು, ನಿಯಮಿತವಾಗಿ ಚಿತ್ರ ತೆಗೆಯುತ್ತೇನೆ. ಪ್ರತಿ ಕೊಳವೆಯಲ್ಲೂ ಕೆಂಪು ಮತ್ತು ನೀಲಿಯ ಅನುಪಾತವನ್ನು ಬೂದು ಕಾಗದಕ್ಕೆ ಹೋಲಿಸಿ ಬರೆದರೆ, ರೋಗವಿರುವ ಕೊಳವೆಯ ಅನುಪಾತ ಕುಸಿಯುವ ನಿಮಿಷ ಸ್ಪಷ್ಟವಾಗಿ ಕಾಣುತ್ತದೆ. ಅದೇ ಸಾರಗಳನ್ನು, ಪ್ರತಿ ಸುತ್ತಿನಲ್ಲೂ ಡಿಎನ್ಎ ಅಳೆಯುವ ರಿಯಲ್ ಟೈಮ್ ಪಿಸಿಆರ್‌ನಲ್ಲೂ ಓಡಿಸಿದೆ. ಅಲ್ಲಿ ಹತ್ತು ಪಟ್ಟು ತೆಳುವಾಗಿಸಿದರೆ ಉತ್ತರ ಸುಮಾರು 3.3 ಸುತ್ತು ತಡವಾಗಬೇಕೆಂಬ ಲೆಕ್ಕವಿದೆ; ಅದಕ್ಕಿಂತ ಕಡಿಮೆ ತಡವಾದರೆ ಅಡ್ಡಿಯ ವಸ್ತು ಇನ್ನೂ ಉಳಿದಿದೆ ಎಂದರ್ಥ. ರೋಗ ಇದೆ, ಇಲ್ಲ ಎಂಬುದರಲ್ಲಿ ಎರಡೂ ಒಪ್ಪಿದವು. ರೋಗಾಣು ಎಷ್ಟಿದೆ ಎಂದು ಈ ಪೆಟ್ಟಿಗೆಯನ್ನು ಕೇಳುವುದಿಲ್ಲ. ಬಣ್ಣ ತಿರುಗುವ ನಿಮಿಷ ಓಟದಿಂದ ಓಟಕ್ಕೆ ಅಷ್ಟು ನೆಚ್ಚುವಂತಿಲ್ಲ. ಔಷಧಿ ಹಾಕಿದ ಹೊಲದ ಮಾದರಿಯನ್ನೂ ಎಚ್ಚರದಿಂದ ಓದಬೇಕು, ಸತ್ತ ರೋಗಾಣುವಿನ ಡಿಎನ್ಎ ಕೂಡ ಬಣ್ಣ ತಿರುಗಿಸುತ್ತದೆ.

ಮುಂದಿನ ಕೆಲಸ ಮೊಬೈಲನ್ನು ತೆಗೆಯುವುದು. ಹೈಡ್ರಾಕ್ಸಿನ್ಯಾಫ್ತಾಲ್ ಬ್ಲೂ ನೀಲಿಗೆ ತಿರುಗುವಾಗ 650 ನ್ಯಾನೋಮೀಟರ್ ಸುತ್ತಲಿನ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಗಟ್ಟಿಯ ಮುಂದಿನ ಸಾಲಿನ ಗುಳಿಗಳಿಗೆ ಅಡ್ಡಲಾಗಿ ಸಣ್ಣ ರಂಧ್ರ ಕೊರೆದು, ಒಂದು ಬದಿಗೆ ಆ ಬಣ್ಣದ ಎಲ್ಇಡಿ, ಎದುರು ಬದಿಗೆ ಫೋಟೊಡಯೋಡ್ ಕೂರಿಸುವ ಯೋಜನೆ. ರಂಧ್ರ ಕೊರೆದ ಗುಳಿ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಥರ್ಮೊಕಪಲ್‌ನಿಂದ ಒಂದೇ ಗುಳಿಯಲ್ಲಿ ಮೊದಲು ಅಳೆಯುತ್ತೇನೆ, ಆಮೇಲೆ ಉಳಿದವಕ್ಕೆ ಡ್ರಿಲ್ ಹಿಡಿಯುತ್ತೇನೆ.